ಹುಳು ಸೊಪ್ಪು ಮುಟ್ಟದ ದಿನ ಬನ್ನಿ

ಗಂಟೆಯ ಹುಚ್ಚು ನನಗೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಅಪ್ಪ ತೊಂಡೇಬಾವಿಯಲ್ಲಿ ಸ್ಟೇಷನ್ ಮಾಸ್ಟರು. ನಮ್ಮ ಮನೆಯಲ್ಲಿ ಬೆಳಗಾಗುವುದು, ಸಂಜೆಯಾಗುವುದು ಎಂಬುದೇನೂ ಇರಲಿಲ್ಲ. ಹಿಂದೂಪುರದ ಗಾಡಿ ಬರುತ್ತಿತ್ತು, ಯಲಹಂಕದ ಗಾಡಿ ಹೋಗುತ್ತಿತ್ತು, ಅಷ್ಟೆ. ಅಮ್ಮ ಮಧ್ಯಾಹ್ನದ ಅನ್ನಕ್ಕೆ ಎಸರಿಡುತ್ತಿದ್ದುದು ಗೂಡ್ಸ್ ಗಾಡಿಗೆ ಕೈಮರ ಬಿದ್ದಾಗ. ನಾನು ಗೌರಿಬಿದನೂರಿನ ಹೈಸ್ಕೂಲಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಒಂದು ದಿನ ಜಡೆ ಹೆಣೆಯುವುದು ತಡವಾಗಿ ಪ್ಲಾಟ್‌ಫಾರಮ್ಮಿನ ತುದಿಯಿಂದ ಓಡಿ ಬರುತ್ತಿದ್ದೇನೆ, ಹಸಿರು ಬಾವುಟ ಅಪ್ಪನ ಕೈಯಲ್ಲಿದೆ, ಅಪ್ಪ ನನ್ನನ್ನು ನೋಡಿಯೂ ಇದ್ದಾರೆ. ಬೀಸಿಯೇಬಿಟ್ಟರು! ರೈಲು ನನ್ನ ಕಣ್ಣೆದುರಿಗೇ ಹೊರಟುಹೋಯಿತು.

"ರೈಲು ನಿಮ್ಮಪ್ಪಂದಲ್ಲ ಕಣಮ್ಮ. ಅರ್ಧ ನಿಮಿಷ ಅಂದ್ರೂ ತಡ ತಡಾನೇ," ಎಂದರು ಅಪ್ಪ.

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆದರೆ ಆಮೇಲೆ ಜನ್ಮದಲ್ಲಿ ರೈಲು ತಪ್ಪಿಸಿಕೊಳ್ಳಲಿಲ್ಲ. ವೈದ್ಯ ಪರೀಕ್ಷೆ ಪಾಸು ಮಾಡಿದ ದಿನ ಅಪ್ಪ ತಮ್ಮ ಕೈಗಡಿಯಾರವನ್ನೇ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಪಟ್ಟಿ ಸಡಿಲವಾಗಿತ್ತು. ಹೊಸ ತೂತು ಕೊರೆಸಿಕೊಂಡೆ, ಬಿಗಿಯಾಗಿ ಕಟ್ಟಿಕೊಂಡೆ, ಐವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಶಿಡ್ಲಘಟ್ಟದ ಒಂದು ಪುಟ್ಟ ಆಸ್ಪತ್ರೆಗೆ ಲೇಡಿ ಡಾಕ್ಟರಾಗಿ ಬಂದಿಳಿದೆ.

ಆಸ್ಪತ್ರೆಯಲ್ಲಿ ನಾನೊಬ್ಬಳು, ನರ್ಸ್ ಒಬ್ಬಳು, ಆಯಾ ಒಬ್ಬರು. ಒಂದು ದಿನ ಕಾಲಿಡಲು ಜಾಗವಿಲ್ಲದಷ್ಟು ಜನ. ಮಗುವಿನ ಎದೆಗೆ ಸ್ಟೆಥಾಸ್ಕೋಪ್ ಇಟ್ಟಿದ್ದರೆ ಹಿಂದಿನಿಂದ ಇನ್ನೊಬ್ಬರು ಹಲ್ಲು ತೋರಿಸುತ್ತಿದ್ದರು. ಮತ್ತೊಂದು ದಿನ ನಾಯಿಯೂ ಇಲ್ಲ, ನರಿಯೂ ಇಲ್ಲ. ನನಗೋ ಮೈಯೆಲ್ಲ ಉರಿ. ಇದಕ್ಕೊಂದು ಶಿಸ್ತು ತರದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡು, ರಟ್ಟಿನ ಮೇಲೆ ಟೈಂಟೇಬಲ್ ಬರೆದು ಗೋಡೆಗೆ ಹೊಡೆಸಿದೆ. ಸೋಮವಾರ ಮಕ್ಕಳು, ಮಂಗಳವಾರ ಗಾಯ ಹುಣ್ಣು, ಗುರುವಾರ ಬಸುರಿಯರು. ಬಸುರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಚೀಟಿ, ಚೀಟಿಯ ಮೇಲೆ ಗಂಟೆ. ಎಷ್ಟು ಚೆಂದವಾಗಿತ್ತು ಅಂತೀರಿ! ದಿನಕ್ಕೆ ನಾಲ್ಕು ಸಲ ಅದರ ಎದುರು ನಿಂತು ನನ್ನಷ್ಟಕ್ಕೆ ನಾನೇ ಹಿಗ್ಗುತ್ತಿದ್ದೆ.

ಆ ಚೀಟಿಗಳಲ್ಲಿ ಒಂದನ್ನು ನಾನು ತೀರಾ ಆಸೆಯಿಂದ ಬರೆದಿದ್ದೆ. ಅಂಬಾಜಿದುರ್ಗದ ಬೆಟ್ಟ ಕಾಣುವ ಒಂದು ಹಳ್ಳಿಯಿಂದ ಬಂದಿದ್ದ ಹುಡುಗಿಯದು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಮೊದಲ ಎರಡು ಬಸುರಿನಲ್ಲೂ ಎಂಟು ತುಂಬುವ ಹೊತ್ತಿಗೆ ಕೈಕಾಲು ಊದಿ, ಮಗು ಹೊಟ್ಟೆಯಲ್ಲೇ ಹೋಗಿತ್ತು. ಇದು ಮೂರನೆಯದು, ಆರನೇ ತಿಂಗಳು. ಚಿಂತಾಮಣಿ ಹತ್ತಿರವಿದ್ದರೂ, ಹೆಂಗಸು ಡಾಕ್ಟರು ಬಂದಿದ್ದಾರೆಂದು ಕೇಳಿ ನನ್ನ ಹತ್ತಿರ ಬಂದಿದ್ದಳು. ಮೇಜಿನ ಅಂಚು ಹಿಡಿದುಕೊಂಡು, "ಇದೊಂದ್ ಉಳಿಸ್ಕೊಡಿ ಡಾಕ್ಟ್ರಮ್ಮ, ಇನ್ನೇನೂ ಕೇಳಲ್ಲ," ಎಂದಳು.

ರಕ್ತದೊತ್ತಡ ಆಗಲೇ ಸ್ವಲ್ಪ ಮೇಲಿತ್ತು. ವಾರವಾರ ನೋಡಿದರೆ, ಏರುವುದನ್ನು ಸಮಯಕ್ಕೆ ಹಿಡಿದರೆ, ಈ ಮಗುವನ್ನು ಬದುಕಿಸಬಹುದು ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಉಳಿಸಿಯೇ ತೀರುತ್ತೇನೆ ಎಂದು ಹಟ ಹುಟ್ಟಿತು. ಗುರುವಾರ ಹನ್ನೊಂದು ಗಂಟೆ ಎಂದು ಚೀಟಿ ಬರೆದು, ಎರಡು ಸಲ ಓದಿ ಹೇಳಿ ಕಳಿಸಿದೆ.

ಗುರುವಾರ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಆಮೇಲೆ ಒಂದು ಶನಿವಾರ, ನಾನು ಬಾಗಿಲು ಹಾಕುವ ಹೊತ್ತಿಗೆ ಬಂದು ನಿಂತಳು. ನನ್ನ ಬಾಯಿ ಬಿಚ್ಚಿಕೊಂಡಿತು. ಮಗು ಬೇಕಾಗಿದೆಯೋ ಬೇಡವೋ, ಗುರುವಾರಕ್ಕೂ ಶನಿವಾರಕ್ಕೂ ವ್ಯತ್ಯಾಸ ಗೊತ್ತಿಲ್ಲವೋ ಎಂದೆಲ್ಲ ಕೂಗಾಡಿದೆ. ಅವಳು ತಲೆ ಬಗ್ಗಿಸಿ ಬೈಗುಳವನ್ನೆಲ್ಲ ತಿಂದಳು. ಅದರ ಮುಂದಿನ ಗುರುವಾರ ಮತ್ತೆ ಬರಲಿಲ್ಲ. ನಾನೇ ಬ್ಯಾಗು ಎತ್ತಿಕೊಂಡು, ಚಿಂತಾಮಣಿ ಬಸ್ಸು ಹತ್ತಿ, ಅವಳ ಊರಿಗೇ ಹೊರಟೆ.

ಕೈಕಾಲು ಫಿನಾಯಿಲು ಹಾಕಿದ ನೀರಿನಲ್ಲಿ ತೊಳೆದುಕೊಂಡು, ಡೆಟಾಲು ಸವರಿಕೊಂಡು, ಪಕ್ಕಾ ಡಾಕ್ಟರಾಗಿ ಹೋದೆ. ಅದೇ ತಪ್ಪಾಯಿತು. ಅಂಗಳಕ್ಕೆ ಕಾಲಿಟ್ಟೆನೋ ಇಲ್ಲವೋ, ಒಳಗಿಂದ ಅವಳ ಅತ್ತೆ ಎರಡೂ ಕೈ ಚಾಚಿಕೊಂಡು ಓಡಿ ಬಂದರು. ಎತ್ತರದ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದರು, ಬೆರಳೆಲ್ಲ ಹಿಪ್ಪುನೇರಳೆ ಸೊಪ್ಪಿನ ಕಲೆ.

"ಅಲ್ಲೇ, ಅಲ್ಲೇ ನಿಂತ್ಕೊಳ್ಳಿ ತಲ್ಲಿ! ಒಳಗೆ ಹುಳ ಅವೆ. ಈ ಘಾಟು ತಗುಲಿದ್ರೆ ಒಂದೂ ಉಳಿಯಲ್ಲ."

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ತಡೆದಿರಲಿಲ್ಲ. ರೋಗಾಣು ಕೊಲ್ಲುವ ವಾಸನೆ ಮೈಗೆ ಹಚ್ಚಿಕೊಂಡು ಬಂದ ನನ್ನನ್ನೇ ಆ ಮನೆಯವರು ಸಾಂಕ್ರಾಮಿಕ ರೋಗದ ಹಾಗೆ ದೂರ ನಿಲ್ಲಿಸಿದ್ದರು! ನಗು ಬರಬೇಕಿತ್ತು, ಬರಲಿಲ್ಲ. ಕೊನೆಗೆ ಊರ ಮುಂದಿನ ಹೊಂಗೆ ಮರದ ಕೆಳಗೆ ಸೊಸೆಯನ್ನು ಕೂರಿಸಿ ಪರೀಕ್ಷೆ ಮಾಡಿದೆ. ಒತ್ತಡ ಹಿಂದಿನಷ್ಟೇ ಇತ್ತು. ಅತ್ತೆ ಹತ್ತು ಮಾರು ದೂರದಲ್ಲಿ, ಗಾಳಿ ಬರುವ ಕಡೆ ನೋಡಿಕೊಂಡು ನಿಂತಿದ್ದರು.

"ಪ್ರತಿ ಗುರುವಾರ ಕಳಿಸಬೇಕು ನೀವು," ಎಂದೆ.

"ಇವತ್ತು ಗುರುವಾರ ಅಂತ ಹುಳಕ್ಕೆ ತಿಳೀತದೇನಮ್ಮ?" ಎಂದರು ಆಕೆ. ಕೊಂಕು ಮಾತಲ್ಲ, ನಿಜವಾಗಿಯೇ ಕೇಳಿದರು. "ಸೊಪ್ಪು ಹಾಕೋದು ತಪ್ಪಿದ್ರೆ ಬೆಳೆ ಹೋಯ್ತದೆ. ಮೂರೇ ಜನ ನಾವು, ನಾನು, ನನ್ನ ಮಗ, ಇವಳು. ಬಿಡುವಾದ ದಿನ ಕಳಿಸ್ತೀನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಬಂದೆ. ಆಸ್ಪತ್ರೆಗೆ ಬಂದು ಆಯಾ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಆಕೆ ಊರಿನ ಸಾಬರ ಮನೆಯ ಹಿರಿಯ ಹೆಂಗಸು, ನಾವೆಲ್ಲ ಬೂಬಮ್ಮ ಎನ್ನುತ್ತಿದ್ದೆವು. ಚಿಕ್ಕಂದಿನಿಂದ ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ಎಳೆ ಬಿಚ್ಚಿದವರು. ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅವರ ತಮ್ಮಂದಿರು ಇನ್ನೂ ಅದೇ ಕಸುಬಿನಲ್ಲಿದ್ದರು. ನನ್ನ ಕತೆ ಕೇಳಿ ಬೂಬಮ್ಮ ಪೊರಕೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅರೆ ಅಮ್ಮಾ, ಫಿನಾಯಿಲ್ ಹಾಕ್ಕೊಂಡು ಹುಳದ ಮನೇಗ್ ಹೋದ್ರಾ? ಅದೂ ನಾಕನೇ ಜ್ವರ ಎದ್ದಿರೋ ಹೊತ್ನಾಗೆ! ನಂಗೊಂದ್ ಮಾತು ಕೇಳ್ಬಾರದಾ?"

ಅವತ್ತು ಸಂಜೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೂಬಮ್ಮ ನನಗೆ ಪಾಠ ಮಾಡಿದರು. ರೇಷ್ಮೆ ಹುಳು ಮೊಟ್ಟೆಯಿಂದ ಬಂದ ಮೇಲೆ ಗೂಡು ಕಟ್ಟುವ ತನಕ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಒಂದು ಹಗಲು ಒಂದು ರಾತ್ರಿ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಆ ಕೂರುವುದಕ್ಕೇ ಆ ಸೀಮೆಯವರು ಜ್ವರ ಎನ್ನುವುದು. ಒಂದನೇ ಜ್ವರ, ಎರಡನೇ ಜ್ವರ, ಮೂರನೇದು, ನಾಲ್ಕನೇದು. ಜ್ವರದ ದಿನ ಹೆಂಗಸರಿಗೆ ಬಿಡುವು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಒಂದು ವಾರಕ್ಕೂ ಹೆಚ್ಚು ಕಾಲ ಹುಳು ಬಕಾಸುರನ ಹಾಗೆ ತಿನ್ನುತ್ತವೆ. ಆಗ ಮನೆಯವರಿಗೆ ತಾವು ಉಣ್ಣಲೂ ಪುರುಸೊತ್ತಿಲ್ಲ.

"ಹಳ್ಳಿ ಹಳ್ಳೀನೇ ಒಟ್ಟಿಗೆ ಮೊಟ್ಟೆ ತರ್ತಾರೆ ಅಮ್ಮಾ. ಒಂದೆರಡು ದಿನ ಆಕಡೆ ಈಕಡೆ, ಅಷ್ಟೇ. ಯಾವ ಊರ್ನೋರು ಯಾವತ್ತು ಬರ್ತಾರೆ, ಯಾವತ್ತು ಬರಲ್ಲ, ನಾನು ಕೂತಲ್ಲೇ ಹೇಳ್ತೀನಿ."

ನಾನು ನಂಬಲಿಲ್ಲ. ಪಂಥ ಕಟ್ಟಿದೆ. ಬೂಬಮ್ಮ ದಿನಾ ಬೆಳಿಗ್ಗೆ ಕಸ ಗುಡಿಸುವಾಗಲೇ ಅವತ್ತು ಯಾವ ಊರಿನವರು ಬರುತ್ತಾರೆಂದು ಹೇಳಬೇಕು, ನಾನು ಬರೆದಿಟ್ಟುಕೊಳ್ಳಬೇಕು, ಸಂಜೆ ತಾಳೆ ನೋಡಬೇಕು. ಮೊದಲ ದಿನ ಸರಿಯಾಯಿತು. ಕಾಕತಾಳೀಯ ಎಂದೆ. ಎರಡನೇ ದಿನ ಸರಿಯಾಯಿತು. ಮೂರನೇ ದಿನ, "ಇವತ್ತು ಚಿಂತಾಮಣಿ ಬಸ್ಸು ಖಾಲಿ ಬರ್ತದೆ ನೋಡಿ," ಎಂದರು. ಬಸ್ಸು ಬರುವ ಸದ್ದು ಕೇಳಿ ನಾನು ರೋಗಿಯ ಕೈಯಲ್ಲಿ ಥರ್ಮಾಮೀಟರು ಬಿಟ್ಟು ಬಾಗಿಲಿಗೆ ಓಡಿದೆ. ಕಂಡಕ್ಟರು, ಡ್ರೈವರು, ಒಂದು ಮೂಟೆ ಹುಣಸೆಹಣ್ಣು!

ನನಗಾದ ಸಂತೋಷವನ್ನು ಹೇಗೆ ಹೇಳಲಿ! ಜನ ಅಡ್ಡಾದಿಡ್ಡಿ ಬರುತ್ತಿರಲಿಲ್ಲ. ಅವರಿಗೂ ಒಂದು ಟೈಂಟೇಬಲ್ ಇತ್ತು. ನನ್ನದಕ್ಕಿಂತ ಖಡಾಖಂಡಿತವಾದದ್ದು, ಅರ್ಧ ನಿಮಿಷಕ್ಕೂ ಬಗ್ಗದ ನಮ್ಮಪ್ಪನ ರೈಲಿನಂಥದ್ದು. ಅದು ಗೋಡೆಯ ಮೇಲಿರದೆ ಹುಳು ಸಾಕುವ ಬಿದಿರು ತಟ್ಟೆಯಲ್ಲಿತ್ತು, ಅಷ್ಟೇ ವ್ಯತ್ಯಾಸ. ಕಣ್ಣಿದ್ದೂ ಕುರುಡಿಯಾಗಿದ್ದೆ ಎಂದು ನನ್ನನ್ನೇ ಬೈದುಕೊಂಡೆ, ನಗುತ್ತಲೇ ಬೈದುಕೊಂಡೆ.

ಹಳೆಯ ರಟ್ಟನ್ನು ಅವತ್ತೇ ಕಿತ್ತು, ಹಿಂದುಮುಂದು ಮಾಡಿ, ಹೊಸದು ಬರೆದೆ. ಎಡಗಡೆ ಊರುಗಳು, ಬಲಗಡೆ ತಾರೀಖುಗಳು. ಯಾವ ಊರಿನ ಹುಳು ಯಾವತ್ತು ಜ್ವರಕ್ಕೆ ಕೂರುತ್ತವೋ ಅಲ್ಲಿಗೆ ಕೆಂಪು ಪೆನ್ಸಿಲಿನ ಚುಕ್ಕೆ. ಚುಕ್ಕೆ ಇದ್ದ ಊರಿನ ಬಸುರಿಯರು, ಬಾಣಂತಿಯರು, ಕೂಸುಗಳು ಅವತ್ತು. ಹುಳು ತಿನ್ನುವ ವಾರದಲ್ಲಿ ಆ ಊರಿನವರಿಗಾಗಿ ಕಾಯುವುದೇ ಬೇಡ. ಆ ಹೊತ್ತಿನಲ್ಲಿ ಪಟ್ಟಣದವರನ್ನು ನೋಡುವುದು, ಲೆಕ್ಕದ ಪುಸ್ತಕ ಬರೆಯುವುದು, ಸೂಜಿ ಕುದಿಸುವುದು. ಸುದ್ದಿ ತರುವವರು ಬೂಬಮ್ಮ, ಸುದ್ದಿ ಒಯ್ಯುವವನು ಬಸ್ ಕಂಡಕ್ಟರು. ತಿಂಗಳು ತುಂಬುವುದರೊಳಗೆ ನೂಕುನುಗ್ಗಲು ಅರ್ಧಕ್ಕರ್ಧ ತಗ್ಗಿತು. ಮಧ್ಯಾಹ್ನದ ಊಟ ಬಿಸಿಯಾಗಿದ್ದಾಗಲೇ ತಿನ್ನಲು ಶುರುಮಾಡಿದೆ! ಚಿಕ್ಕಬಳ್ಳಾಪುರದಲ್ಲಿ ಸುತ್ತಲಿನ ಡಾಕ್ಟರುಗಳೆಲ್ಲ ಸೇರಿದ್ದಾಗ ರಟ್ಟನ್ನು ಸುತ್ತಿಕೊಂಡು ಹೋಗಿ ತೋರಿಸಿದೆ. ಹಿರಿಯರೊಬ್ಬರು, "ಏನಮ್ಮ, ನೀವು ಮನುಷ್ಯರ ಡಾಕ್ಟರೋ ಹುಳದ ಡಾಕ್ಟರೋ?" ಎಂದು ನಗಿಸಿದರು. ನಗಲಿ ಬಿಡಿ, ನನ್ನ ಊಟ ಬಿಸಿಯಾಗಿತ್ತು.

ಮೊದಲ ಕೆಂಪು ಚುಕ್ಕೆ ಹಾಕಿದ್ದು ಆ ಹುಡುಗಿಯ ಊರಿಗೇ. ಹಿಂದಿನ ಬೆಳೆ ಮುಗಿದು ಹೊಸ ಬೆಳೆ ಶುರುವಾಗಿತ್ತು. ಕಂಡಕ್ಟರ ಕೈಲಿ ಅತ್ತೆಗೆ ಹೇಳಿ ಕಳಿಸಿದೆ: "ಗುರುವಾರ ಬೇಡ. ಹುಳು ಸೊಪ್ಪು ಮುಟ್ಟದ ದಿನ ಬನ್ನಿ."

ಒಂದನೇ ಜ್ವರದ ದಿನ ಬಂದಳು. ಬೆಳಗಿನ ಬಸ್ಸಿಗೇ ಬಂದಳು! ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದು ನೋಡಿ ಸಾಲಿನಲ್ಲಿದ್ದವರು ಕಕ್ಕಾಬಿಕ್ಕಿಯಾದರು. ಎರಡನೇ ಜ್ವರದ ದಿನವೂ ಬಂದಳು. ಮೂರನೇದಕ್ಕೆ ಅತ್ತೆಯೇ ಜೊತೆಗೆ ಬಂದರು. ಅಷ್ಟರಲ್ಲಿ ಒತ್ತಡ ಮೆಲ್ಲನೆ ಏರುತ್ತಿತ್ತು, ಪಾದದ ಮೇಲೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಎಂಟು ತುಂಬಿತ್ತು, ಮಗುವಿನ ಎದೆಬಡಿತ ಚೆನ್ನಾಗಿತ್ತು. ಉಪ್ಪು ಬಿಡಿಸಿದೆ, ಔಷಧಿ ಕೊಟ್ಟೆ, ನಾಲ್ಕನೇ ಜ್ವರಕ್ಕೆ ಬಂದವಳು ವಾಪಸು ಹೋಗುವಂತಿಲ್ಲ, ಆಸ್ಪತ್ರೆಯಲ್ಲೇ ಉಳಿಯಬೇಕು ಎಂದೆ.

ಅತ್ತೆ ಬೆರಳು ಮಡಿಸಿ ದಿನ ಎಣಿಸಿದರು. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಮೂರು ಜೊತೆ ಕೈಯೂ ಸಾಲದು ಎಂಬುದು ಈಗ ನನಗೂ ಗೊತ್ತಿತ್ತು. "ಇವಳು ಇರ್ಲಿ," ಎಂದರು ಕೊನೆಗೆ. "ನಾನೊಂದು ದಿನ ಇದ್ದು ಹೊರಟುಬಿಡ್ತೀನಿ. ನಾನೂ ಮಗನೂ ಹೆಂಗೋ ಎಳೀತೀವಿ."

ಹೇಳಿದ ದಿನ, ಹೇಳಿದ ಹೊತ್ತಿಗೆ ಇಬ್ಬರೂ ಬಂದರು. ಹುಡುಗಿಯ ಮುಖ ಊದಿಕೊಂಡಿತ್ತು. ಒತ್ತಡದ ಪಾದರಸ ಹಿಂದೆಂದಿಗಿಂತ ಮೇಲೇರಿತ್ತು. ಕತ್ತಲು ಕೋಣೆಯಲ್ಲಿ ಮಲಗಿಸಿ ಚುಚ್ಚುಮದ್ದು ಕೊಟ್ಟೆ. ಮಾರನೆಯ ಬೆಳಿಗ್ಗೆ ತಾನಾಗಿಯೇ ನೋವು ಶುರುವಾಯಿತು. ನಮ್ಮ ನರ್ಸ್ ತಂಗಿಯ ಮದುವೆಗೆ ರಜೆ ಹಾಕಿ ಹೋಗಿದ್ದಳು. ನಾನು, ಬೂಬಮ್ಮ ಇಬ್ಬರೇ.

ಅತ್ತೆ ಹೆರಿಗೆ ಕೋಣೆಯ ಬಾಗಿಲ ಹೊರಗೆ ನಿಂತಿದ್ದರು. ಹೊಸಿಲಿನಿಂದ ಒಂದು ಗೇಣು ಹಿಂದೆ, ಗೆರೆ ಎಳೆದ ಹಾಗೆ. ಕಂಕುಳಲ್ಲಿ ಗಂಟು. ಹನ್ನೆರಡರ ಬಸ್ಸಿಗೆ ಹೊರಡಬೇಕಾಗಿತ್ತು. ಅವತ್ತು ಮಧ್ಯಾಹ್ನಕ್ಕೆ ಹುಳು ಜ್ವರದಿಂದ ಏಳುತ್ತವೆ, ಎದ್ದ ಕೂಡಲೇ ಸೊಪ್ಪು ಬೇಕು. ಹನ್ನೊಂದೂ ಮುಕ್ಕಾಲಕ್ಕೆ ಹುಡುಗಿಯ ಕಣ್ಣುಗುಡ್ಡೆ ಮೇಲೆ ಹೋಯಿತು, ಮೈ ಸೆಟೆದುಕೊಂಡಿತು. ನಾನು ಹೆದರುತ್ತಿದ್ದ ಸೆಳವು ಅದೇ. ಬೂಬಮ್ಮ ಭುಜ ಹಿಡಿದರು, ನಾನು ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ತುರುಕಿದೆ. ಸಿರಿಂಜು ಹಿಡಿಯಲು ನನಗೆ ಕೈಯಿರಲಿಲ್ಲ.

"ಒಳಗೆ ಬನ್ನಿ! ಕಾಲು ಹಿಡ್ಕೊಳ್ಳಿ!" ಎಂದು ಅತ್ತೆಗೆ ಕೂಗಿದೆ.

"ನಾನು ಒಳಕ್ಕೆ ಬರಂಗಿಲ್ಲ ತಲ್ಲಿ," ಎಂದರು.

ಬಸ್ಸಿಗೆ ಹೊತ್ತಾಯಿತೆಂದು ನಿಂತಿದ್ದಾರೆ ಎಂದುಕೊಂಡೆ ನಾನು. ಸಿಟ್ಟು ನೆತ್ತಿಗೇರಿತು. "ಹೊತ್ತಿನ ಬೆಲೆ ಗೊತ್ತಿಲ್ಲದ ಜನ ನೀವು! ಇಲ್ಲಿ ಒಂದೊಂದು ನಿಮಿಷಕ್ಕೂ ಜೀವ ಹೋಗ್ತಿದೆ!" ಎಂದು ಕಿರುಚಿದೆ.

ಆಕೆ ಒಂದು ಸಲ ಬೂಬಮ್ಮನ ಮುಖ ನೋಡಿದರು. ಗಂಟು ಕೆಳಗಿಟ್ಟರು. ಹೊಸಿಲು ದಾಟಿ ಬಂದು ಸೊಸೆಯ ಎರಡೂ ಕಾಲನ್ನು ಎದೆಗೆ ಅಪ್ಪಿ ಹಿಡಿದರು. ನಾನು ಚುಚ್ಚುಮದ್ದು ಕೊಟ್ಟೆ. ಸೆಳವು ನಿಂತಿತು. ಹೊರಗೆ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಆಕೆ ತಲೆ ಎತ್ತಲಿಲ್ಲ.

ಎರಡು ಗಂಟೆಗೆ ಮಗು ಬಂತು. ಹೆಣ್ಣು. ಗುಬ್ಬಚ್ಚಿಯಷ್ಟೇ ಇತ್ತು, ನೀಲಿಯಾಗಿತ್ತು, ಅಳಲಿಲ್ಲ. ಬಾಯಿ ಮೂಗು ಒರೆಸಿ, ಅತ್ತೆಯ ಮಡಿಲಿಗೆ ಹಾಕಿ, "ಬೆನ್ನು ಉಜ್ಜಿ," ಎಂದೆ. ಸೊಪ್ಪಿನ ಕಲೆಯ ಆ ಬೆರಳುಗಳು ಎಷ್ಟು ಹಗುರವಾಗಿ, ಎಷ್ಟು ಬಿಡದೆ ಉಜ್ಜಿದವು! ನಾನು ಗಡಿಯಾರ ನೋಡುತ್ತಿದ್ದೆ. ಅರ್ಧ ನಿಮಿಷ. ಒಂದು ನಿಮಿಷ. ಒಂದೂವರೆ. ಆಮೇಲೆ ಆ ಕೂಸು ಮುಖ ಗಂಟಿಕ್ಕಿ, ಬಾಯಿ ತೆರೆದು, ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು! ನಾನು ಕುಣಿದೇಬಿಟ್ಟೆ. ಡಾಕ್ಟರು ಕುಣಿಯಬಾರದೇನೋ, ನಾನು ಕುಣಿದೆ, ಬೂಬಮ್ಮನನ್ನು ತಬ್ಬಿಕೊಂಡೆ, ಅತ್ತುಬಿಟ್ಟೆ.

ತಾಯಿಗೆ ಎಚ್ಚರವಾಗಿ ಒತ್ತಡ ಇಳಿಯತೊಡಗಿದ ಮೇಲೆ ನಾನು ಕೈ ತೊಳೆಯುತ್ತಿದ್ದೆ. ಬೂಬಮ್ಮ ನೀರು ಹಾಕುತ್ತಾ ಮೆಲ್ಲಗೆ ಹೇಳಿದರು.

"ಅಮ್ಮಾ, ಆ ಯಜಮಾನಮ್ಮ ಬಸ್ಸಿಗೆ ಹೊತ್ತಾಯ್ತು ಅಂತ ನಿಂತಿರಲಿಲ್ಲ. ಹೆರಿಗೆ ಕೋಣೆಗೆ ಬಂದು ಮೈಲಿಗೆ ಮುಟ್ಟಿದೋರು ಹನ್ನೊಂದು ದಿನ ಹುಳದ ಮನೆಗೆ ಕಾಲಿಡಂಗಿಲ್ಲ. ಇಟ್ರೆ ಊರೇ ಒಪ್ಪಲ್ಲ. ಮುಟ್ಟದೇ ಇರೋನು ಇನ್ನು ಮಗ ಒಬ್ನೇ. ಈ ಬೆಳೆ ಹೋದಂಗೇ."

ನಾನು ಆ ರಟ್ಟಿನ ಮೇಲೆ ಎಲ್ಲವನ್ನೂ ಬರೆದಿದ್ದೆ, ಇದೊಂದನ್ನು ಬಿಟ್ಟು. ಯಾರಿಗೆ ಹೊತ್ತಿನ ಬೆಲೆ ಗೊತ್ತಿಲ್ಲವೆಂದು ಕಿರುಚಿದೆನೋ, ಆಕೆ ಆ ಗೇಣು ಜಾಗದಲ್ಲಿ ನಿಂತು ತಿಂಗಳ ದುಡಿಮೆಯನ್ನೆಲ್ಲ ತೂಗಿ ನೋಡಿ, ಬಿಟ್ಟು, ಒಳಗೆ ಬಂದಿದ್ದರು. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು.

ಆಕೆ ಜಗಲಿಯ ಮೇಲೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಎದುರು ಹೋಗಿ ನಿಂತೆ. "ತಪ್ಪಾಯ್ತಮ್ಮ. ನನಗೆ ಗೊತ್ತಿರಲಿಲ್ಲ. ಹಾಗೆ ಬೈಯಬಾರದಿತ್ತು," ಎಂದೆ.

"ಬೆಳೆ ವರ್ಷಕ್ಕೆ ಐದು ಬರ್ತವೆ ತಲ್ಲಿ," ಎಂದರು ಆಕೆ, ಮಗುವಿನ ಮುಖದಿಂದ ಕಣ್ಣು ಕೀಳದೆ. "ನಮ್ಮನೇಗೆ ಇದು ಮೂರು ಸಲಕ್ಕೆ ಒಂದು ಬಂತು."

ಸ್ವಲ್ಪ ಹೊತ್ತಿನ ಮೇಲೆ, "ಈಗೆಷ್ಟು ಗಂಟೆ?" ಎಂದು ಕೇಳಿದರು. ನಾಲ್ಕು ಎಂದೆ. "ಸೊಪ್ಪು ಹಾಕೋ ಹೊತ್ತು," ಎಂದರು. ಚಿಂತಾಮಣಿ ರಸ್ತೆಯ ಕಡೆಗೊಮ್ಮೆ ನೋಡಿ, ಮತ್ತೆ ಮಗುವಿನ ಬಟ್ಟೆ ಸರಿಮಾಡತೊಡಗಿದರು.

ಒಳಗೆ ಅಷ್ಟರಲ್ಲಿ ಹದಿನೈದಿಪ್ಪತ್ತು ಜನ ಬಂದು ಸೇರಿ ಕಾಯುತ್ತಿದ್ದರು. ಕಾಯಲಿ ಎಂದುಕೊಂಡು ಆಕೆಯ ಪಕ್ಕದಲ್ಲಿ ಜಗಲಿಯ ಮೇಲೆ ಕೂತೆ. ಅಷ್ಟು ಹೊತ್ತು ಗಡಿಯಾರ ನೋಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಆಕೆ ಕೇಳಿದಾಗಲೆಲ್ಲ ನೋಡಿ ಹೇಳಿದೆ.